ಕಾಳಾಚಾರಿಯ ಲೋಟ

ಮರಿಯಣ್ಣನ ಚಾ ಅಂಗಡಿಯ ಒಳಗೋಡೆಗೆ ಒಂದು ಲಾಳದ ಮೊಳೆ ಹೊಡೆದಿತ್ತು. ಆ ಮೊಳೆಗೆ ಹಿಡಿಯಿದ್ದ ಒಂದು ಸ್ಟೀಲ್ ಲೋಟ ತೂಗುತ್ತಿತ್ತು. ಬೇರೆಯವರಿಗೆಲ್ಲ ಗಾಜಿನ ಗ್ಲಾಸು. ಒಲೆಯ ಪಕ್ಕದ ಬಕೆಟ್ಟಿನಲ್ಲಿ ಮುಳುಗಿ ಎದ್ದು ದಿನವಿಡೀ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ತಿರುಗುವ ಗ್ಲಾಸು. ಸ್ಟೀಲ್ ಲೋಟ ಮಾತ್ರ ನನ್ನ ತಮ್ಮ ಕಾಳಾಚಾರಿಯದು. ಅದನ್ನು ಮರಿಯಣ್ಣನೇ ಸಂತೆಯಿಂದ ಕೊಂಡು ತಂದಿದ್ದ. "ಕಾಳಣ್ಣ, ನಿಮ್ಮಂಥೋರಿಗೆ ಈ ಒಡಕಲು ಗ್ಲಾಸಲ್ಲಿ ಚಾ ಕೊಡಕ್ಕೆ ನಂಗೆ ಮನಸ್ಸು ಒಪ್ಪಲ್ಲ. ಇದು ನಿಮಗೇ ಅಂತ ಬೇರೆ," ಎಂದಿದ್ದ. ಕಾಳ ಅವತ್ತು ಎಷ್ಟು ಹಿಗ್ಗಿದನೆಂದರೆ, ತನ್ನ ಚೀಲದಿಂದಲೇ ಒಂದು ಹೊಸ ಮೊಳೆ ತೆಗೆದು, ಗೋಡೆಗೆ ಇಳಿಸಿ, ಲೋಟವನ್ನು ತಾನೇ ತೂಗುಹಾಕಿ ಬಂದ.

"ನೋಡಿದ್ಯೇನಕ್ಕ, ಬೀದಿ ಯಜಮಾನ್ರಿಗೂ ಗಾಜಿನ ಗ್ಲಾಸೇ. ನಂಗೆ ಮಾತ್ರ ಸ್ಟೀಲು!" ಎಂದು ಮನೆಗೆ ಬಂದವನೇ ಜಂಬ ಕೊಚ್ಚಿದ.

"ಸ್ಟೀಲ್ ಲೋಟಕ್ಕೇ ಇಷ್ಟು ಕುಣೀತೀಯಲ್ಲೋ, ಬೆಳ್ಳೀದು ಕೊಟ್ಟಿದ್ರೆ ಪಲ್ಲಕ್ಕಿ ತರಿಸ್ತಿದ್ದೆಯೇನೋ," ಎಂದು ನಾನು ರೇಗಿಸಿದೆ. ಒಳಗೊಳಗೆ ನನಗೂ ಹೆಮ್ಮೆಯೇ ಆಗಿತ್ತು. ಈಗ ಆ ಹೆಮ್ಮೆ ನೆನಪಾದರೆ ಬಾಯೆಲ್ಲ ಕಹಿಯಾಗುತ್ತದೆ.

ನಮ್ಮದು ಕಮ್ಮಾರಸಾಲು. ದನದ ಸಂತೆಯ ಮೈದಾನಕ್ಕೆ ಬೆನ್ನು ಕೊಟ್ಟು ನಿಂತ ಒಂದೇ ಬೀದಿ, ಎದುರುಬದುರು ಕುಲುಮೆಗಳು. ಗುದ್ದಲಿ, ಕುಡುಗೋಲು ಮಾಡುವವರದು ಒಂದಷ್ಟು ಮನೆ, ಎತ್ತುಗಳಿಗೆ ಲಾಳ ಕಟ್ಟುವವರದು ಒಂದಷ್ಟು. ಕಾಳ ಲಾಳ ಕಟ್ಟುವವನು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ಗೊರಸು ಹೆರೆದು, ಲಾಳ ಕೂರಿಸಿ ಮೊಳೆ ಹೊಡೆಯುವ ಕೆಲಸ. ಮೊಳೆ ಕೂದಲೆಳೆಯಷ್ಟು ಒಳಗೆ ಸರಿದರೂ ಎತ್ತು ಕುಂಟುತ್ತದೆ. ಕಾಳ ಲಾಳ ಕಟ್ಟಿದ ಎತ್ತು ಕುಂಟಿದ್ದನ್ನು ನಾನು ಕಾಣೆ. ಇದು ಒಬ್ಬನಿಂದ ಆಗುವ ಕೆಲಸವೂ ಅಲ್ಲ. ಎತ್ತು ಕೆಡವುವಾಗ ಹಗ್ಗ ಹಿಡಿಯಲು, ಕೊಂಬು ಅದುಮಲು, ಬೀದಿಯ ಗಂಡಸರು ಕೈಯಲ್ಲಿದ್ದದ್ದು ಬಿಟ್ಟು ಓಡಿಬರಬೇಕು. ಹಾಗೆ ಬರುವವರು ಇಲ್ಲದಿದ್ದರೆ ಲಾಳದವನ ಅನ್ನ ನಿಂತ ಹಾಗೆಯೇ.

ನಾನು ಗಂಡ ಸತ್ತ ಮೇಲೆ ತವರಿಗೆ ಬಂದವಳು. ಕಾಳನ ಕುಲುಮೆಯ ತಿದಿ ಒತ್ತುತ್ತ, ಅವನಿಗೆ ಬೇಯಿಸಿ ಹಾಕುತ್ತ ಅಲ್ಲೇ ಉಳಿದೆ. ಅವನು ಮದುವೆಯಾಗಲಿಲ್ಲ. ಕೇಳಿದವರಿಗೆ, "ನಮ್ಮಕ್ಕನ ಬಾಯಿಗೆ ಯಾವ ಹೆಣ್ಣು ತಡ್ಕೊಂತಾಳೆ ಹೇಳಿ," ಎಂದು ನನ್ನ ತಲೆಗೆ ಕಟ್ಟಿ ತಾನು ನಗುತ್ತ ಕೂರುತ್ತಿದ್ದ. ಅಕ್ಕನ ಬಾಯಿ ಹೆಸರುವಾಸಿ, ಅದು ಸುಳ್ಳಲ್ಲ.

ಬೆಂಕಿಗೂ ಹೆದರದ ನಮ್ಮ ಬೀದಿಗೆ ಒಂದೇ ಒಂದು ಹೆದರಿಕೆ ಇತ್ತು. ಧನುರ್ವಾಯು. ತುಕ್ಕು ಹಿಡಿದ ಕಬ್ಬಿಣ, ಸಗಣಿ, ಮಣ್ಣು, ಇವುಗಳ ನಡುವೆಯೇ ನಮ್ಮ ಬಾಳು. ಅಜ್ಜಂದಿರ ಕಾಲದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಅಂಗಾಲಿಗೆ ಮೊಳೆ ಚುಚ್ಚಿಸಿಕೊಂಡು, ಹಲ್ಲು ಕಚ್ಚಿ, ಬೆನ್ನು ಬಿಲ್ಲಾಗಿ ಸತ್ತರಂತೆ. ಅದನ್ನು ಕಂಡ ಹಿರಿಯರು, ಟಿಟಿ ಎಂಬ ಸೂಜಿಮದ್ದು ಊರಿಗೆ ಬಂದ ಮೇಲೆ, ಒಂದು ಕಟ್ಟುಪಾಡು ಮಾಡಿದರು. ಆಯುಧಪೂಜೆಯ ಬೆಳಿಗ್ಗೆ ಬೀದಿಯವರೆಲ್ಲ ಸಾಲಾಗಿ ನಿಂತು ಟಿಟಿ ಹಾಕಿಸಿಕೊಳ್ಳಬೇಕು; ಆಮೇಲೆಯೇ ಸುತ್ತಿಗೆಗೆ ಕುಂಕುಮ. "ವರ್ಷಾವರ್ಷ ಬೇಕಾಗಿಲ್ಲ ಕಣ್ರಪ್ಪ, ಒಂದ್ಸಲ ಸರಿಯಾಗಿ ಹಾಕಿಸ್ಕೊಂಡ್ರೆ ಎಷ್ಟೋ ವರ್ಷ ಬರುತ್ತೆ," ಎಂದು ಆಸ್ಪತ್ರೆಯ ಸಿಸ್ಟರು ಗೋಗರೆದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೂಜಿ ಚುಚ್ಚಿಸಿಕೊಂಡವನಿಗೆ ಮೊಳೆ ಏನೂ ಮಾಡದು ಎಂಬುದು ನಮ್ಮ ಬೀದಿಯಲ್ಲಿ ದೇವರ ಮೇಲಿನ ನಂಬಿಕೆಗಿಂತ ಗಟ್ಟಿಯಾಗಿತ್ತು.

ಇನ್ನೊಂದು ಕಟ್ಟೂ ಇತ್ತು. ಬೀದಿಯಲ್ಲಿ ಯಾರಾದರೂ ಸತ್ತರೆ, ಆ ವರ್ಷದ ಆಯುಧಪೂಜೆಗೆ ಅವನ ಆಯುಧಗಳನ್ನು ಮನೆಯ ಜಗಲಿಯ ಮೇಲೆ ಹಲಗೆ ಹಾಕಿ ಜೋಡಿಸಬೇಕು. ಮನೆಯಲ್ಲಿ ಹಬ್ಬವಿಲ್ಲದಿದ್ದರೂ ಆಯುಧಕ್ಕೆ ಪೂಜೆ ತಪ್ಪಬಾರದು. ಬೀದಿಯವರೆಲ್ಲ ಬಂದು, ಸತ್ತವನ ಕೈ ಸವೆಸಿದ ಒಂದೊಂದು ಆಯುಧಕ್ಕೂ ಅಕ್ಷತೆ ಹಾಕಿ ಕೈ ಮುಗಿಯಬೇಕು.

ಕಾಳನಿಗೆ ಮೊದಲು ಜ್ವರ ಬರತೊಡಗಿತು. ಬಿಟ್ಟು ಬಿಟ್ಟು ಬರುವ ಜ್ವರ. ಮೈ ಇಳಿದು ಅಂಗಿ ಜೋತುಬಿತ್ತು. ಬಾಯೊಳಗೆ ಬಿಳಿ ಹುಣ್ಣು ಎದ್ದು ಮುದ್ದೆ ನುಂಗಲಾರದಾದ. ನಾನು ಅವನನ್ನು ದೂರದ ಪಟ್ಟಣದ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ರಕ್ತ ನೋಡಿದರು. ಎಚ್‌ಐವಿ ಎಂದರು. ಹೇಗೆ ಬಂತು ಎಂದು ಕೇಳುವವರು ಕೇಳಿಕೊಳ್ಳಲಿ, ನಾನು ಕೇಳಲಿಲ್ಲ. ಅವನು ನನ್ನ ತಮ್ಮ, ಅವನಿಗೆ ಕಾಯಿಲೆ ಬಂದಿದೆ, ಅದಕ್ಕೆ ಮದ್ದಿದೆ. ನನಗೆ ಬೇಕಾದದ್ದು ಅಷ್ಟೇ.

ಮದ್ದು ಚೆನ್ನಾಗಿಯೇ ಹಿಡಿಯಿತು. ತಿಂಗಳು ತಿಂಗಳು ಬಸ್ಸು ಹತ್ತಿ ಹೋಗಿ ಮಾತ್ರೆ ತರುತ್ತಿದ್ದೆವು. ಬೀದಿಯವರಿಗೆ ಮಂಡಿನೋವು ಎಂದು ನೆಪ. ಮಾತ್ರೆಯ ಡಬ್ಬಿಗಳನ್ನು ನಾನು ಕುಲುಮೆಗೆ ಹಾಕಿ ಸುಡುತ್ತಿದ್ದೆ. ಕಾಳ ಮತ್ತೆ ಮೈ ತುಂಬಿಕೊಂಡ, ಮತ್ತೆ ಎತ್ತು ಕೆಡವಿದ. ಆದರೆ ಹೆದರಿಕೆ ಹೋಗಲಿಲ್ಲ.

"ಬೀದಿಗೆ ಗೊತ್ತಾದ್ರೆ ನಾನು ಬದುಕಿದ್ದೂ ಸತ್ತಂಗೆ ಅಕ್ಕ," ಎನ್ನುತ್ತಿದ್ದ. "ಹಗ್ಗ ಹಿಡಿಯಕ್ಕೆ ಒಬ್ಬನೂ ಬರಲ್ಲ. ಮರಿಯಣ್ಣ ಅಂಗಡಿ ಮೆಟ್ಲು ಹತ್ತಿಸಲ್ಲ. ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ."

ನಾನು ಆಣೆ ಮಾಡಿದೆ. ಗುಟ್ಟು ಅವನದು, ಅದನ್ನು ಬಿಚ್ಚುವ ಹಕ್ಕೂ ಅವನದೇ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒಂದು ದಿನ ಅವನ ಕಸುಬು ಕೇಳಿದರು. ಲಾಳದ ಕೆಲಸ ಎಂದೊಡನೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಟಿಟಿ ಹಾಕಿಸ್ಕೊಂಡಿದ್ದೀರಾ?"

"ಏನು ಕೇಳ್ತೀರಿ ಮೇಡಂ! ವರ್ಷಾವರ್ಷ. ನಮ್ಮ ಬೀದೀಲಿ ಅದು ಹಬ್ಬ," ಎಂದ ಕಾಳ.

"ಅದನ್ನೇ ನೆಚ್ಕೊಂಡು ಕೂರಬೇಡಿ. ಲಸಿಕೆ ಅಂದ್ರೆ ಮೈಗೆ ಹೇಳೋ ಪಾಠ. ಆ ಪಾಠ ಕಲಿಯೋ ಕಣಗಳೇ ನಿಮ್ಮ ರಕ್ತದಲ್ಲಿ ತಳ ಕಂಡಿದ್ವು. ಅಂಥ ಹೊತ್ತಲ್ಲಿ ಹಾಕಿದ್ದು ಎಷ್ಟು ನಿಂತಿದೆಯೋ ಹೇಳಕ್ಕಾಗಲ್ಲ. ಅದಕ್ಕೂ ಮುಂಚೆ ಹಾಕಿಸ್ಕೊಂಡಿದ್ದೂ ನಿಮ್ಮಂಥೋರಲ್ಲಿ ಬೇಗ ಕರಗಿಹೋಗುತ್ತೆ."

ಕಾಳ, "ಕಾಯದ ಕಬ್ಬಿಣಕ್ಕೆ ಸುತ್ತಿಗೆ ಹೊಡ್ದಂಗೆ ಅನ್ನಿ," ಎಂದ.

ಡಾಕ್ಟರಮ್ಮ ನಕ್ಕರು. "ಹೂಂ, ಹಾಗೇ ಅಂದ್ಕೊಳ್ಳಿ. ಈಗ ನಿಮ್ಮ ಮೈ ಕಾಯ್ತಾ ಇದೆ. ಇನ್ನೂ ಸ್ವಲ್ಪ ಸುಧಾರಿಸಲಿ, ಮತ್ತೆ ಸರಿಯಾಗಿ ಲಸಿಕೆ ಹಾಕೋಣ. ಅಷ್ಟರೊಳಗೆ ಆಳದ ಗಾಯ ಆದ್ರೆ, ಸಗಣಿ ಮಣ್ಣು ಸೇರಿದ ಗಾಯ ಆದ್ರೆ, ಯಾವ ಡಾಕ್ಟರ ಹತ್ರ ಹೋದ್ರೂ ಸರಿ, ಮೊದಲು ಎಚ್‌ಐವಿ ಇದೆ ಅಂತ ಹೇಳ್ಬಿಡಿ. ಟಿಟಿ ಅಲ್ಲದೆ ಇನ್ನೊಂದು ಇಂಜೆಕ್ಷನ್ ಇದೆ. ಅದು ನಿಮ್ಮ ಮೈ ಕಲಿಯೋವರೆಗೂ ಕಾಯಲ್ಲ, ತಾನೇ ಹೋಗಿ ವಿಷಾನ ಅಡ್ಡಗಟ್ಟುತ್ತೆ. ನೀವು ಹೇಳದಿದ್ರೆ ಅದನ್ನ ಕೊಡಬೇಕು ಅಂತ ಅವರಿಗೆ ಗೊತ್ತಾಗಲ್ಲ. ಒಂದು ಮಾತು. ಅಷ್ಟೇ."

ಬಸ್ಸಿನಲ್ಲಿ ಬರುವಾಗ ನಾನು ಅವನ ಕೈ ಹಿಡಿದು, "ಕೇಳಿಸ್ಕೊಂಡ್ಯೇನೋ? ಒಂದು ಮಾತಂತೆ. ಹೇಳ್ತೀಯ ತಾನೇ?" ಎಂದೆ.

"ಹೇಳ್ತೀನಿ ಬಿಡಕ್ಕ. ಹುಟ್ಟಿದಾಗಿಂದ ಕಬ್ಬಿಣದ ಜೊತೆ ಇರೋನು, ಮೊಳೆ ಯಾವತ್ತು ಚುಚ್ಚಿದೆ ನಂಗೆ?" ಎಂದು ಕಿಟಕಿಯಾಚೆ ನೋಡಿದ.

ಸ್ಟೀಲ್ ಲೋಟ ಬಂದದ್ದು ಆಮೇಲೆ. ಲೋಟದ ಹಿಂದೆಯೇ ಬೇರೆ ಮರ್ಯಾದೆಗಳೂ ಬಂದವು. ಮುಂಚೆ ನಮ್ಮ ಬೀದಿಯಲ್ಲಿ ಯಾರ ಉಳಿ ಯಾರ ಕೈಯಲ್ಲಿದೆ ಎಂಬ ಲೆಕ್ಕವೇ ಇರಲಿಲ್ಲ. ಈಗ ಕಾಳನ ಆಯುಧವನ್ನು ಯಾರೂ ಎರವಲು ಕೇಳುತ್ತಿರಲಿಲ್ಲ. "ದೊಡ್ಡ ಕಸುಬುದಾರನ ಆಯುಧ, ನಾವು ಮುಟ್ಟಿ ಮೊಂಡು ಮಾಡೋದು ಬೇಡ," ಎನ್ನುತ್ತಿದ್ದರು. ಆಯುಧಪೂಜೆಯ ಸೂಜಿ ಸಾಲಿನಲ್ಲಿ ಬೀದಿಯ ಯಜಮಾನ ಈರಾಚಾರಿ ಅವನ ಹೆಗಲ ಹತ್ತಿರ ಬಂದು, ಹೆಗಲು ಮುಟ್ಟದೆ, "ಕಾಳಣ್ಣ, ನೀನು ನಿಂತು ಎಲ್ರನ್ನೂ ನೋಡ್ಕೋ. ಒಬ್ರೂ ತಪ್ಪಿಸ್ಕೋಬಾರ್ದು. ಕೊನೇಗೆ ನೀನು ಹಾಕಿಸ್ಕೊ," ಎಂದರು. ಸಿಸ್ಟರು ಒಬ್ಬೊಬ್ಬರಿಗೂ ಹೊಸ ಸೂಜಿಯನ್ನೇ ಬಿಚ್ಚುತ್ತಿದ್ದರು, ಮೊದಲಾದರೇನು, ಕೊನೆಯಾದರೇನು? ಕಾಳ ಮಾತ್ರ ಮದುವೆಮನೆಯ ಹಿರಿಯನ ಹಾಗೆ ಓಡಾಡಿ, ಮೈ ಇನ್ನೂ ಪೂರ್ತಿ ಸುಧಾರಿಸಿರದಿದ್ದರೂ ಕೊನೆಗೆ ತಾನೂ ತೋಳು ಒಡ್ಡಿದ. "ಬೀದಿ ನನ್ನನ್ನ ತಲೆ ಮೇಲೆ ಹೊತ್ಕೊಂಡಿದೆ ಅಕ್ಕ. ಇದನ್ನ ಕಳ್ಕೊಳ್ಳಕ್ಕಾಗಲ್ಲ," ಎಂದ.

ಅದು ನಡೆದ ದಿನ ನಾನು ಊರಲ್ಲಿರಲಿಲ್ಲ. ನಾದಿನಿಯ ಮಗಳ ಸೀಮಂತಕ್ಕೆ ಹೋಗಿದ್ದೆ. ನಾನು ಹೇಳುತ್ತಿರುವುದು ಅಲ್ಲಿದ್ದವರು ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ್ದು.

ಸಂತೆಯಲ್ಲಿ ಕೊಂಡ ಹೊಸ ಎತ್ತು. ಜನಕ್ಕೆ ಪಳಗಿರಲಿಲ್ಲ. ಕೆಡವಿ ಕಟ್ಟಿದ್ದರು. ಕಾಳ ಲಾಳ ಕೂರಿಸಿ ಮೊಳೆ ಹೊಡೆದಿದ್ದ. ಮೊಳೆಯ ತುದಿ ಗೊರಸಿನ ಪಕ್ಕದಿಂದ ಹೊರಗೆ ಇಣುಕಿತ್ತು. ಅದನ್ನು ಬಗ್ಗಿಸಿ ಮುರಿಯುವುದಷ್ಟೇ ಬಾಕಿ. ಅಷ್ಟರಲ್ಲಿ ಹಗ್ಗ ಜಾರಿತು. ಎತ್ತು ಕಾಲು ಝಾಡಿಸಿತು. ಹೊರಗಿಣುಕಿದ್ದ ಮೊಳೆ ಕಾಳನ ಹೆಬ್ಬೆರಳಿನ ಬುಡಕ್ಕೆ ಹೊಕ್ಕು ಅಂಗೈ ಸೀಳಿತು. ಸಗಣಿ ಮೆತ್ತಿದ ಗೊರಸು, ಮಣ್ಣು ಮೆತ್ತಿದ ಕೈ.

ಬೀದಿಗೆ ಬೀದಿಯೇ ಅವನನ್ನು ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಯಿತು. ಒಬ್ಬರೂ ಹಿಂದೆ ಉಳಿಯಲಿಲ್ಲ. ಡಾಕ್ಟರು ಊರಿಗೆ ಹೊಸಬರು. ಗಾಯ ತೊಳೆಯುತ್ತ, "ಆಳವಾಗೇ ಹೋಗಿದೆ. ಟಿಟಿ ಯಾವಾಗ ಹಾಕಿಸಿದ್ದು?" ಎಂದರು.

ಕಾಳ ಬಾಯಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತವರೆಲ್ಲ ಒಂದೇ ಗಂಟಲಲ್ಲಿ ಹೇಳಿದರಂತೆ: "ಹೋದ ಆಯುಧಪೂಜೆಗೇ ಸಾರ್! ನಮ್ಮ ಬೀದೀಲಿ ಒಬ್ರನ್ನೂ ಬಿಡಲ್ಲ."

"ಭೇಷ್," ಎಂದರು ಡಾಕ್ಟರು. "ಬೇರೆ ಏನಾದ್ರೂ ಕಾಯಿಲೆ ಇದ್ಯಾ? ಸಕ್ಕರೆ ಕಾಯಿಲೆ, ಇನ್ಯಾವುದಾದ್ರೂ? ಮಾತ್ರೆ ಗೀತ್ರೆ ತಗೋತೀರಾ?"

ಆಗ ಸದ್ದು ನಿಂತಿತಂತೆ. ಕಾಳ ಒಮ್ಮೆ ಹಿಂತಿರುಗಿ ಬಾಗಿಲ ಕಡೆ ನೋಡಿದ. ಹಗ್ಗ ಹಿಡಿಯುವ ಗಂಡಸರು, ಲೋಟ ಕೊಟ್ಟ ಮರಿಯಣ್ಣ, ಯಜಮಾನ ಈರಾಚಾರಿ, ಎಲ್ಲರೂ ಅಲ್ಲೇ. ಆಗ ಈರಾಚಾರಿಯೇ, "ಏನೂ ಇಲ್ಲ ಸಾರ್. ಉಕ್ಕಿನಂಥ ಆಳು," ಎಂದು ನಕ್ಕರು. ಕಾಳನೂ ನಕ್ಕ. ಡಾಕ್ಟರು ಹೊಲಿಗೆ ಹಾಕಿ, ಮಾತ್ರೆ ಬರೆದುಕೊಟ್ಟು ಕಳಿಸಿದರು. ಅವರದು ಏನು ತಪ್ಪು? ಲಸಿಕೆ ಆಗಿದೆ ಎಂದರು, ಕಾಯಿಲೆ ಇಲ್ಲ ಎಂದರು. ಅವರು ನಂಬಿದರು.

ನಾನು ಊರಿಗೆ ಬಂದಾಗ ಕೈಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ. ಚೀಲ ಅಲ್ಲೇ ಬಿಸಾಡಿ ಕೇಳಿದೆ: "ಡಾಕ್ಟ್ರಿಗೆ ಹೇಳ್ದ್ಯಾ?"

"ಹೇಳ್ದೆ."

"ಆ ಇನ್ನೊಂದು ಇಂಜೆಕ್ಷನ್ನು?"

"ಅದನ್ನೂ ಕೊಟ್ರು ಕಣಕ್ಕ. ಬಂದವಳೇ ಪೊಲೀಸರ ಥರ ಶುರು ಮಾಡ್ಬೇಡ. ಹಸಿವಾಗ್ತಿದೆ, ಮುದ್ದೆ ತಿರುವು."

ನನ್ನ ತಮ್ಮ ಅಲ್ಲಿವರೆಗೆ ನನಗೆ ಸುಳ್ಳು ಹೇಳಿದವನಲ್ಲ. ನಾನು ನಂಬಿ ಒಲೆ ಹಚ್ಚಿದೆ.

ಗಾಯ ಮಾಯುತ್ತ ಬಂತು. ಮೇಲೆ ಚೆನ್ನಾಗಿ ಒಣಗಿತು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಳ್ಳಲು ಹೋಗಿ ನಿಲ್ಲಿಸಿದ.

"ದವಡೆ ಯಾಕೋ ಹಿಡ್ಕೊಂಡಿದೆ ಅಕ್ಕ. ಹಲ್ಲುನೋವು ಇರ್ಬೇಕು."

"ಎಲ್ಲಿ, ಬಾಯಿ ತೆಗಿ ನೋಡೋಣ."

ತೆಗೆಯಲು ನೋಡಿದ. ನನ್ನ ಬೆರಳು ತೂರುವಷ್ಟೂ ತೆರೆಯಲಿಲ್ಲ. ಅವನ ಮುಖದಲ್ಲಿ ನಗುವಿನಂಥದೊಂದು ಎಳೆದುಕೊಂಡಿತ್ತು, ನಗುವಲ್ಲ ಅದು. ಹುಟ್ಟಿದಾಗಿನಿಂದ ನಮ್ಮ ಬೀದಿಯ ಮಕ್ಕಳು ಈ ಮುಖದ ವರ್ಣನೆ ಕೇಳಿಯೇ ಬೆಳೆದವರು.

"ಕಾಳ," ಎಂದೆ, "ನಿಜ ಹೇಳು. ಡಾಕ್ಟ್ರಿಗೆ ಹೇಳ್ದ್ಯಾ ಇಲ್ವಾ?"

ಅವನು ಕಣ್ಣು ತಗ್ಗಿಸಿದ. ಬಿಗಿದ ಹಲ್ಲಿನ ಸಂದಿಯಿಂದ ಮಾತು ಬಂತು. "ಹೇಳ್ಲಿಲ್ಲ ಅಕ್ಕ. ಎಲ್ಲರೂ ಇದ್ರು."

ಬೈಯಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಯಾವುದಕ್ಕೂ ಹೊತ್ತಿರಲಿಲ್ಲ.

ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಕತ್ತು ಸೆಟೆದುಕೊಂಡಿತ್ತು. ನನ್ನ ಮಾತು ಕೇಳಲೂ ನಿಲ್ಲದೆ ಅವನನ್ನು ಒಂದು ಕತ್ತಲೆ ಕೋಣೆಗೆ ಹಾಕಿದರು. ಬೆಳಕು ಬೀಳಬಾರದು, ಸದ್ದಾಗಬಾರದು. ಸಣ್ಣ ಸದ್ದಿಗೂ ಮೈ ಸೆಳೆದು ಬಿಲ್ಲಿನಂತೆ ಬಾಗುತ್ತದೆ. ಸುತ್ತಿಗೆ ಸದ್ದಿನಲ್ಲೇ ಹುಟ್ಟಿ, ಅದರಲ್ಲೇ ನಿದ್ದೆ ಮಾಡಿ ಬೆಳೆದವನು ಈಗ ಒಂದು ಚಮಚ ಬಿದ್ದರೆ ಮಂಚದಿಂದ ಏಳುತ್ತಿದ್ದ. ಅಷ್ಟರಲ್ಲಿ ಬೀದಿಯವರೂ ಟೆಂಪೋ ಮಾಡಿಕೊಂಡು ಬಂದಿಳಿದರು. ಈರಾಚಾರಿ, ಮರಿಯಣ್ಣ, ಹಗ್ಗ ಹಿಡಿಯುವ ಗಂಡಸರೆಲ್ಲ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತರು.

ಪಾಳಿಯ ಡಾಕ್ಟರು ಹೊರಗೆ ಬಂದು, "ಟಿಟಿ ಆಗಿತ್ತು ಅಂತಾರೆ ನಿಮ್ಮವರು. ಆದ್ರೂ ಹೇಗೆ ಬಂತು? ಇವರಿಗೆ ಬೇರೆ ಏನಾದ್ರೂ ಕಾಯಿಲೆ ಇದ್ಯೇನಮ್ಮ?" ಎಂದರು.

ನಾನು ಮಾಡಿದ ಆಣೆ ನೆನಪಾಯಿತು. ಆಣೆಯಂತೆ, ಹಾಳಾದ ಆಣೆ! ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. "ಎಚ್‌ಐವಿ ಇದೆ ಡಾಕ್ಟ್ರೇ. ಇದೇ ಆಸ್ಪತ್ರೇಲಿ ಮಾತ್ರೆ ತಗೋತಿದ್ದಾನೆ."

ಡಾಕ್ಟರು ತಲೆಯಾಡಿಸಿ ಒಳಗೆ ಓಡಿದರು. ನಾನು ಬೀದಿಯವರ ಕಡೆ ತಿರುಗಿದೆ. ಈಗ ಮುಖ ಸಿಂಡರಿಸುತ್ತಾರೆ, ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಆಗಲಿ, ಒಬ್ಬೊಬ್ಬರಿಗೂ ಮುಖಕ್ಕೆ ಮಂಗಳಾರತಿ ಎತ್ತಿಯೇ ಕಳಿಸುತ್ತೇನೆ ಎಂದು ಸಿದ್ಧಳಾಗಿದ್ದೆ.

ಒಂದು ಮುಖವೂ ಬದಲಾಗಲಿಲ್ಲ.

ಯಾರೂ ಬೆಚ್ಚಲಿಲ್ಲ. ಯಾರೂ ಯಾರ ಮುಖವನ್ನೂ ನೋಡಿಕೊಳ್ಳಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಈರಾಚಾರಿ, "ಸಮಾಧಾನ ಮಾಡ್ಕೊ ತಾಯಿ. ನಮಗೇನೂ ಗೊತ್ತಿಲ್ಲದ ವಿಷಯ ಅಲ್ಲ ಅದು," ಎಂದರು.

"ಗೊತ್ತಿತ್ತಾ?"

"ನಾನು ಹೆಂಡತಿ ಕಣ್ಣು ತೋರ್ಸಕ್ಕೆ ಅಂತ ಇಲ್ಲಿಗೆ ಬಂದಿದ್ದೆನಲ್ಲ, ಆವಾಗ್ಲೇ ಆ ಕಾಯಿಲೆ ಮಾತ್ರೆ ಕೊಡೋ ಕೋಣೆ ಮುಂದೆ ನಿಮ್ಮಿಬ್ರನ್ನೂ ಕಂಡೆ. ಮಾತಾಡಿಸಿದ್ರೆ ನಿಮಗೆ ಸಂಕೋಚ ಅಂತ ಹಂಗೇ ಹೊರಟುಬಿಟ್ಟೆ."

"ಬೀದಿಗೆಲ್ಲ ಗೊತ್ತಿತ್ತಾ?"

"ಒಬ್ರಿಂದ ಒಬ್ರಿಗೆ... ಗೊತ್ತಾಯ್ತು. ಆದ್ರೆ ಒಂದು ಹೇಳ್ತೀನಿ ಕೇಳು. ಕಾಳಣ್ಣನ ಕಿವಿಗೆ ಮಾತ್ರ ಬೀಳದಂಗೆ ನೋಡ್ಕೊಂಡ್ವಿ. ಮರ್ಯಾದಸ್ಥ. ಅವನ ಮನಸ್ಸು ನೋಯಬಾರ್ದು ಅಂತ ಬೀದಿಯೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿತ್ತು." ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಇವತ್ತಿಗೂ ನಾನು ಮರೆಯದಿರುವುದು ಆ ಹೆಮ್ಮೆಯನ್ನು.

"ಅವತ್ತು ಡಾಕ್ಟ್ರು ಕಾಯಿಲೆ ಇದ್ಯಾ ಅಂತ ಕೇಳ್ದಾಗ?"

"ಅಷ್ಟು ಜನರ ಮುಂದೆ ಅವನ ಮಾನ ಕಳೆಯೋದಾ ತಾಯಿ?"

"ಮಾನ!" ಎಂದು ನಾನು ಕಿರುಚಿದೆ. "ನಿಮ್ಮ ಮಾನಕ್ಕೆ ಬೆಂಕಿ ಬಿತ್ತು! ನೀವು ಅಲ್ಲಿ ಇದ್ದೀರಿ ಅಂತ ಅವನು ಬಾಯಿ ಬಿಡ್ಲಿಲ್ಲ. ಅವನು ಅಲ್ಲಿದ್ದಾನೆ ಅಂತ ನೀವು ಬಾಯಿ ಬಿಡ್ಲಿಲ್ಲ. ಎಲ್ರಿಗೂ ಗೊತ್ತಿದ್ದ ಮಾತು ಆ ಡಾಕ್ಟ್ರೊಬ್ರಿಗೆ ಗೊತ್ತಾಗ್ಲಿಲ್ವಲ್ರೋ!"

ಕೋಣೆಯಿಂದ ನರ್ಸು ಓಡಿಬಂದಳು. "ಶ್! ಏನಮ್ಮ ನೀವು, ಒಳಗೆ ಅವರಿಗೆ ಸೆಳೆತ ಶುರುವಾಯ್ತು. ಕೂಗಬೇಡಿ!"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಊರೆಲ್ಲ ಹೆದರುವ ಅಕ್ಕನ ಬಾಯಿ. ಜನ್ಮದಲ್ಲಿ ಒಮ್ಮೆ ಆ ಬಾಯಿ ಬೇಕಾದಾಗ, ತಮ್ಮನ ಜೀವ ಉಳಿಯಲೆಂದು ಅದನ್ನು ಮುಚ್ಚಿಕೊಂಡು ನಿಂತೆ. ಹಾಗೆ ನಿಂತಾಗ ಕಣ್ಣು ಮರಿಯಣ್ಣನ ಮೇಲೆ ಬಿತ್ತು. ನಿಧಾನವಾಗಿ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು. ಮುಟ್ಟದ ಉಳಿ. ಮುಟ್ಟದ ಹೆಗಲು. ಸೂಜಿ ಸಾಲಿನ ಕೊನೆ.

"ಆ ಲೋಟ..." ಎಂದೆ ಪಿಸುದನಿಯಲ್ಲಿ.

ಮರಿಯಣ್ಣ ಗೋಡೆಯ ಕಡೆ ತಿರುಗಿದ. "ಗಿರಾಕಿಗಳು ಗೊಣಗ್ತಿದ್ರು ಅಕ್ಕಯ್ಯ. ನಾನೇನ್ ಮಾಡ್ಲಿ? ಬೇಜಾರಾಗದಂಗೆ ಮಾಡ್ದೆ."

ಲೋಟದಿಂದ ಬರುವ ಕಾಯಿಲೆಯಲ್ಲ ಅದು. ಒಂದೇ ಗ್ಲಾಸಿನಲ್ಲಿ ಊರೆಲ್ಲ ಕುಡಿದರೂ ಬಾರದು. ನನ್ನ ತಮ್ಮನ ತಟ್ಟೆಯಲ್ಲೇ ಉಂಡವಳು ನಾನು, ಕಲ್ಲುಗುಂಡಿನಂತೆ ಇದ್ದೇನೆ. ಅದನ್ನು ಆಗ ಹೇಳಲೂ ಇಲ್ಲ, ಹೇಳಿ ಏನಾಗಬೇಕಿತ್ತು?

ಆ ಇನ್ನೊಂದು ಇಂಜೆಕ್ಷನ್ ಕೊಟ್ಟರು. ತಡವಾಗಿದೆ, ಆದರೂ ನೋಡೋಣ ಎಂದರು. ಒಂದು ಮಧ್ಯಾಹ್ನ ಮದ್ದಿನ ಮಂಪರಿನಿಂದ ಸ್ವಲ್ಪ ಹೊತ್ತು ಎಚ್ಚರಗೊಂಡ. ನಾನು ಬರಿಗಾಲಲ್ಲಿ ಒಳಗೆ ಹೋಗಿ ಅವನ ಮಂಚದ ಪಕ್ಕ ಕೂತೆ. ಹಲ್ಲಿನ ಸಂದಿಯಿಂದ, ಉಸಿರಿಗಿಂತ ತೆಳ್ಳಗೆ ಕೇಳಿದ: "ಬೀದಿಗೆ... ಗೊತ್ತಾಯ್ತಾ ಅಕ್ಕ?"

ಹೊರಗೆ ಗೋಡೆಯಾಚೆಯೇ ಅವರೆಲ್ಲ ನಿಂತಿದ್ದರು.

"ಇಲ್ಲ ಕಣೋ," ಎಂದೆ. "ಯಾರಿಗೂ ಗೊತ್ತಿಲ್ಲ. ನೀನು ಬೇಗ ಎದ್ದು ಬಾ, ಮರಿಯಣ್ಣ ನಿನ್ನ ಲೋಟ ತೊಳೆದಿಟ್ಟು ಕಾಯ್ತಿದ್ದಾನೆ."

ಅವನ ಹುಬ್ಬಿನ ಗಂಟು ಸಡಿಲವಾಯಿತು. ಸಮಾಧಾನವಾಯಿತು ಅವನಿಗೆ. ಅದೇ ಕೊನೆಯ ಮಾತು. ಆಮೇಲೆ ಬಂದ ಸೆಳೆತ ಅವನ ಉಸಿರನ್ನು ಬಿಡಲಿಲ್ಲ.

ಕಾಳ ಸತ್ತ ದಿನ ಕಮ್ಮಾರಸಾಲಿನಲ್ಲಿ ಒಂದು ಸುತ್ತಿಗೆಯೂ ಏಳಲಿಲ್ಲ. ಕುಲುಮೆಗಳೆಲ್ಲ ತಣ್ಣಗಿದ್ದವು. ಎಂಥ ಗೌರವ ನೋಡಿ ಎಂದು ಊರು ಹೊಗಳಿತು. ಸುಮ್ಮನಿರುವುದರಲ್ಲಿ ನಮ್ಮ ಬೀದಿಯನ್ನು ಮೀರಿಸುವವರುಂಟೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೆಣಕ್ಕೆ ಹೆಗಲು ಕೊಡಲು ಮಾತ್ರ ಯಾರೂ ಹಿಂಜರಿಯಲಿಲ್ಲ. ಬದುಕಿದ್ದಾಗ ಮುಟ್ಟದ ಹೆಗಲನ್ನು ಸತ್ತ ಮೇಲೆ ಹೊತ್ತರು.

ತಿಥಿ ಮುಗಿದ ಮಾರನೆಯ ದಿನ ಮರಿಯಣ್ಣ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಕಾಗದದ ಪೊಟ್ಟಣ. "ಕಾಳಣ್ಣಂದು ಅಕ್ಕಯ್ಯ. ನಮ್ಮಂಗಡೀಲಿದ್ರೆ ಜೀವ ಚುರುಕ್ ಅನ್ನುತ್ತೆ. ನೆನಪಿಗೆ ನೀವೇ ಇಟ್ಕೊಳ್ಳಿ," ಎಂದು ಜಗಲಿಯ ಮೇಲಿಟ್ಟ. ಬಿಚ್ಚಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ನಾನು ಒಳಗೆ ಹೋಗಿ ಇಕ್ಕಳ ತಂದೆ. ಅವನ ಹಿಂದೆಯೇ ಅವನ ಅಂಗಡಿಗೆ ನಡೆದೆ. ಚಾ ಕುಡಿಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಗೋಡೆಯ ಮೊಳೆಗೆ ಇಕ್ಕಳ ಹಾಕಿ ಎಳೆದೆ. ಕಾಳ ಹೊಡೆದ ಮೊಳೆ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಗೋಡೆಯ ಗಾರೆಯನ್ನೂ ಹಿಡಿದುಕೊಂಡೇ ಬಂತು.

ಆ ವರ್ಷವೂ ಆಯುಧಪೂಜೆ ಬಂತು. ಬೆಳಿಗ್ಗೆ ಸಿಸ್ಟರು ಬಂದರು, ಸಾಲು ನಿಂತಿತು. ಯಾರಾದರೂ ಒಬ್ಬರು ಆ ಸಾಲಿನಲ್ಲಿ ಕಾಳನ ವಿಷಯ ಎತ್ತುತ್ತಾರೇನೋ, ಸೂಜಿ ಹಾಕಿಸಿಕೊಂಡಿದ್ದರೂ ಅವನು ಯಾಕೆ ಸತ್ತ ಎಂದು ಸಿಸ್ಟರನ್ನು ಕೇಳುತ್ತಾರೇನೋ ಎಂದು ಜಗಲಿಯಿಂದ ಕಿವಿ ಕೊಟ್ಟು ಕಾದೆ. ತೋಳು ಒಡ್ಡಿದರು, ಹತ್ತಿ ಒತ್ತಿಕೊಂಡರು, ಹೊರಟರು.

ಕಟ್ಟಿನಂತೆ ನಾನು ಜಗಲಿಯ ಮೇಲೆ ಹಲಗೆ ಹಾಕಿದೆ. ಅವನ ಸುತ್ತಿಗೆ, ಇಕ್ಕಳ, ಗೊರಸು ಹೆರೆಯುವ ಉಳಿ, ಒಂದು ಜೊತೆ ಲಾಳ. ಎಲ್ಲವನ್ನೂ ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಕುಂಕುಮ ಇಟ್ಟೆ. ಕೊನೆಯಲ್ಲಿ, ಸೂಜಿ ಸಾಲಿನಲ್ಲಿ ಅವನು ನಿಂತ ಹಾಗೆಯೇ ಎಲ್ಲರ ಕೊನೆಯಲ್ಲಿ, ಆ ಸ್ಟೀಲ್ ಲೋಟ ಇಟ್ಟೆ. ಲೋಟದೊಳಗೆ ಆ ಮೊಳೆ. ಅದಕ್ಕೂ ಒಂದು ಬೊಟ್ಟು ಕುಂಕುಮ.

ಬೀದಿ ಬಂತು. ಮುಂದೆ ಈರಾಚಾರಿ, ಕೈಯಲ್ಲಿ ಅಕ್ಷತೆಯ ತಟ್ಟೆ. ಸುತ್ತಿಗೆಗೆ ಹಾಕಿದರು, ಇಕ್ಕಳಕ್ಕೆ ಹಾಕಿದರು, ಉಳಿಗೆ, ಲಾಳಕ್ಕೆ. ಲೋಟದ ಹತ್ತಿರ ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಕೇಳಲಿ ಎಂದೇ ಕಾಯುತ್ತಿದ್ದೆ. ಇದು ಇಲ್ಲಿ ಯಾಕೆ ಎಂದು ಒಬ್ಬನಾದರೂ ಕೇಳಿದರೆ, ಆ ಒಂದು ಮಾತಿಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು.

ಕೇಳಲಿಲ್ಲ. ಈರಾಚಾರಿ ಅಕ್ಷತೆ ಹಾಕಿ ಕೈ ಮುಗಿದು ಸರಿದರು. ಅವರ ಹಿಂದೆ ಹಗ್ಗ ಹಿಡಿಯುವವರು ಒಬ್ಬೊಬ್ಬರಾಗಿ ಹಾಕಿದರು. ಎಲ್ಲರಿಗಿಂತ ಹಿಂದೆ ಮರಿಯಣ್ಣ ಬಂದ. ಲೋಟದ ಮೇಲೆ ಕೈ ಚಾಚಿದ. ಅಕ್ಕಿ ಬೆರಳಿನಿಂದ ಜಾರಿ ಲೋಟದೊಳಗೆ ಬಿದ್ದು, ಸ್ಟೀಲಿಗೂ ಮೊಳೆಗೂ ತಾಗಿ ಸಣ್ಣಗೆ ಸದ್ದು ಮಾಡಿತು. ಅಷ್ಟು ಜನ ನಿಂತಿದ್ದ ನಮ್ಮ ಜಗಲಿಯಲ್ಲಿ ಆ ಹೊತ್ತು ಕೇಳಿಸಿದ್ದು ಅದೊಂದೇ.